ಗಾಜಿನ ಮನೆ ಬಾಡಿಗೆಗಿದೆ

ಉಪ್ಪುನೀರಿನ ಅಕ್ವೇರಿಯಂ ಇಡುವವರು ಬರಬರುತ್ತಾ ಬೆಂಗಳೂರಿನ ಮನೆ ಓನರ್‌ಗಳಾಗಿಬಿಡುತ್ತಾರೆ. ಎಷ್ಟು ಜನ ಇರ್ತೀರಾ? ವೆಜ್ಜಾ, ನಾನ್‌ವೆಜ್ಜಾ? ಜಗಳಗಿಗಳ ಏನಿಲ್ವಲ್ಲ? ಮೀನಿನಂಗಡಿಯಲ್ಲಿ ನಿಂತು ಒಂದೊಂದು ಮೀನನ್ನೂ ಮನಸ್ಸಿನಲ್ಲೇ ಹೀಗೆ ವಿಚಾರಿಸಬೇಕು. ಬಣ್ಣ ನೋಡಿ ಮರುಳಾದರೆ ಕೆಟ್ಟೆವು.

ನೀಲಿ ಟ್ಯಾಂಗನ್ನೇ ನೋಡಿ. ಕಡುನೀಲಿ ಮೈ, ಹಳದಿ ಬಾಲ. ಅಂಗಡಿಯಲ್ಲಿ ಹೆಬ್ಬೆರಳುದ್ದ ಇರುತ್ತದೆ, ಪಾಪ ಅನ್ನಿಸುತ್ತದೆ. ಆದರೆ ಅದು ಒಂದಡಿಯವರೆಗೂ ಬೆಳೆಯುವ ಮೀನು, ದಿನವಿಡೀ ಓಡಾಡುವ ಸ್ವಭಾವ ಬೇರೆ. ಬಾಲದ ಬುಡದಲ್ಲಿ ಚೂರಿಯಂಥ ಮುಳ್ಳೂ ಉಂಟು. ಎರಡಡಿ ತೊಟ್ಟಿಯವರು ಅದರ ಕಡೆ ತಲೆಯೆತ್ತಿಯೂ ನೋಡಬಾರದು.

ಮ್ಯಾಂಡರಿನ್ ಮೀನಿನ ಕಥೆ ಬೇರೆ. ಅಷ್ಟು ಚಂದದ ಮೀನು ಕಡಲಲ್ಲೇ ಕಡಿಮೆ ಎಂದರೂ ತಪ್ಪಿಲ್ಲ. ಸಾಧು ಕೂಡ. ತೊಂದರೆಯೆಲ್ಲ ಊಟದ್ದು. ಕಲ್ಲಿನ ಮೇಲೆ ಹರಿದಾಡುವ ಕೋಪೆಪಾಡ್ ಎಂಬ ಚುಕ್ಕಿಯಷ್ಟು ಜೀವಿಗಳನ್ನು ಇಡೀ ದಿನ ಹೆಕ್ಕಿ ತಿನ್ನುತ್ತದೆ. ನಾವು ಹಾಕುವ ಕಾಳನ್ನು ಸಾಮಾನ್ಯವಾಗಿ ಮೂಸಿಯೂ ನೋಡುವುದಿಲ್ಲ. ಹೊಸ ತೊಟ್ಟಿಯಲ್ಲಿ ಆ ಜೀವಿಗಳು ಬೇಗ ಮುಗಿದುಹೋಗುತ್ತವೆ. ಆಮೇಲೆ ಉಪವಾಸವೇ.

ಲಯನ್‌ಫಿಶ್‌ಗೆ ಆ ಮಡಿಯೆಲ್ಲ ಇಲ್ಲ. ಬಾಯಿಗೆ ಹಿಡಿಸುವ ನೆರೆಯವರೆಲ್ಲ ಊಟವೇ. ಮುಳ್ಳಿನಲ್ಲಿ ವಿಷವಿದೆ, ತೊಟ್ಟಿಯೊಳಗೆ ಕೈ ಹಾಕುವಾಗ ನಮಗೂ ಜೋಪಾನ. ಇನ್ನು ಕಡಲಕುದುರೆ ಕೇಳಲೇಬೇಡಿ. ಅದೂ, ಹವಳಗಳೂ 2001ರಿಂದ ನಮ್ಮ ವನ್ಯಜೀವಿ ರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ.

ನನ್ನ ಓಟು ಕ್ಲೌನ್‌ಫಿಶ್‌ಗೆ. ಎಲ್ಲರೂ ಇದನ್ನೇ ಸಾಕುತ್ತಾರೆ ಎಂದು ಮೂಗು ಮುರಿಯುವವರಿದ್ದಾರೆ, ಮುರಿಯಲಿ. ಮೂರು ನಾಲ್ಕು ಇಂಚಿಗೆ ಬೆಳವಣಿಗೆ ನಿಲ್ಲುತ್ತದೆ. ಹಾಕಿದ್ದನ್ನು ತಿನ್ನುತ್ತದೆ. ಕಡಲಿನಿಂದ ಹಿಡಿದು ತರಲೇಬೇಕೆಂದೂ ಇಲ್ಲ. ನಮ್ಮ ದೇಶದ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರೂ ಇದನ್ನು ತೊಟ್ಟಿಯಲ್ಲೇ ಮರಿ ಮಾಡಿಸಿದ್ದಾರೆ. ಇದರ ಸಂಸಾರವಂತೂ ಬಲು ಮಜಾ. ಹುಟ್ಟುವಾಗ ಎಲ್ಲವೂ ಗಂಡೇ. ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ, ಯಜಮಾನಿಕೆಯೂ ಅದರದ್ದೇ. ಅದು ಸತ್ತರೆ ಗಂಡನಾಗಿದ್ದವನೇ ಹೆಣ್ಣಾಗುತ್ತಾನೆ. ಹಾಗಾಗಿ ಜೋಡಿ ಬೇಕೆಂದವರು ಒಂದು ಸಣ್ಣದು, ಒಂದು ಸ್ವಲ್ಪ ದೊಡ್ಡದು, ಹೀಗೆ ಎರಡು ಮರಿ ತಂದರೆ ಸಾಕು. ಯಾರು ಏನಾಗಬೇಕು ಎಂಬುದನ್ನು ಅವೇ ತೀರ್ಮಾನಿಸಿಕೊಳ್ಳುತ್ತವೆ.

ಯಾರೇ ಬರಲಿ, ಆತುರ ಬೇಡ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನ ನೀರು ತುಂಬಿಸಿ, ಅದರಲ್ಲಿ ಕೊಳೆ ಅರಗಿಸುವ ಬ್ಯಾಕ್ಟೀರಿಯಾ ನೆಲೆಯೂರಲು ತಿಂಗಳೊಪ್ಪತ್ತು ಬಿಡಬೇಕು. ಆಮೇಲೂ ಸಾಧುಗಳು ಮೊದಲು, ಪುಂಡರು ಕೊನೆಗೆ.

ಇಲ್ಲೇ ಡ್ಯಾಮ್ಸೆಲ್ ಮೋಸ ಮಾಡುವುದು. ಬೆಲೆ ಅಗ್ಗ, ಜೀವ ಗಟ್ಟಿ, ನೋಡಲು ಬೆರಳುದ್ದದ ನೀಲಿ ಮಿಂಚು. ಹೊಸಬರು ಸುಮ್ನೆ ಇರಲಿ ಅಂತ ಅದನ್ನೇ ಮೊದಲು ಬಿಡುತ್ತಾರೆ. ಅದು ಒಂದು ಕಲ್ಲು ಹಿಡಿದು ಕೂರುತ್ತದೆ, ಆಮೇಲೆ ಬಂದವರನ್ನೆಲ್ಲ ಅಟ್ಟಾಡಿಸುತ್ತದೆ. ಖಾಲಿ ಮಾಡಿಸೋಣ ಎಂದು ಬಲೆ ಹಾಕಿದರೆ ಸಂದಿಯೊಳಗೆ ಮಾಯ. ಕೊನೆಗೆ ಇಷ್ಟಪಟ್ಟು ಜೋಡಿಸಿದ್ದ ಕಲ್ಲನ್ನೆಲ್ಲ ಓನರೇ ಬಕೆಟ್ಟಿಗೆ ಎತ್ತಿಡಬೇಕು.