ಹೊಟ್ಟೆನೋವಿನ ಕುದುರೆಯ ಕಿವಿ ಸೀಳಬೇಡಿ

‘ಹೊಟ್ಟೆನೋವು ಬಂದರೆ ಕುದುರೆಯ ರಕ್ತ ಗಟ್ಟಿಯಾಗುತ್ತದೆ, ಕಿವಿ ಸೀಳಿ ಸ್ವಲ್ಪ ರಕ್ತ ಹರಿಸಿ’ ಎಂಬ ಸಂದೇಶ ಪುಣೆಯ ಲಾಯಗಳಲ್ಲಿ ದುಡಿಯುವ ನಮ್ಮ ಕನ್ನಡದ ಹುಡುಗರ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ದಯವಿಟ್ಟು ಹಾಗೆ ಮಾಡಬೇಡಿ.

ಸಾಮಾನ್ಯ ಗ್ಯಾಸ್ ನೋವಿಗೆ ರಕ್ತ ಕೆಡುವುದಿಲ್ಲ. ಕರುಳು ತಿರುಚಿಕೊಂಡು ಅದರ ಗೋಡೆ ಸಾಯತೊಡಗಿದಾಗ ಒಳಗಿನ ಬ್ಯಾಕ್ಟೀರಿಯಾದ ವಿಷ ರಕ್ತಕ್ಕೆ ಸೇರುತ್ತದೆ. ಆಗ ಸಣ್ಣ ರಕ್ತನಾಳಗಳಲ್ಲಿ ಅಲ್ಲಲ್ಲಿ ಹೆಪ್ಪುಗಟ್ಟಿ, ಪ್ಲೇಟ್‌ಲೆಟ್‌ಗಳೂ ಹೆಪ್ಪುಗಟ್ಟಿಸುವ ಪ್ರೋಟೀನುಗಳೂ ಖರ್ಚಾಗಿಬಿಡುತ್ತವೆ. ಅಂಥ ಕುದುರೆಗೆ ಗಾಯ ಮಾಡಿದರೆ ರಕ್ತ ನಿಲ್ಲದೇ ಹೋಗಬಹುದು. ಕರುಳಿನ ತಿರುಚು ಮಾತ್ರ ಬಿಚ್ಚುವುದಿಲ್ಲ.

ವಸಡಿನ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಕಂಡರೆ, ಸಲೈನ್ ಹಾಕಿದ ಕತ್ತಿನ ನರ ಊದಿ ಗಟ್ಟಿಯಾದರೆ, ಎದೆಬಡಿತ ನಿಮಿಷಕ್ಕೆ 60 ದಾಟಿದರೆ ತಡಮಾಡದೆ ಪಶುವೈದ್ಯರಿಗೆ ಹೇಳಿ. ಪ್ಲಾಸ್ಮಾ (ರಕ್ತದ ದ್ರವಭಾಗ) ಬೇಕೇ, ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ) ಬೇಕೇ ಎಂದು ರಕ್ತಪರೀಕ್ಷೆ ನೋಡಿ ಅವರೇ ನಿರ್ಧರಿಸಲಿ.