ಲೇಸರ್ ಮಾಡಿಸೋ ಮೊದಲು ಆ ಟ್ಯೂಬ್ ತಿರುಗಿಸಿ ಓದಿ

ಮೂಗಿನ ಪಕ್ಕ, ಕೆನ್ನೆ ಮೇಲೆ ಸಣ್ಣ ಕೆಂಪು ಎಳೆಗಳು ಬಂದಿವೆ, ಲೇಸರ್ ಮಾಡಿಸಲಾ ಅಂತ ಮೂವರು ಇನ್‌ಬಾಕ್ಸಿಗೆ ಬಂದು ಕೇಳಿದ್ದಾರೆ. ನಾನು ಮಾಡಿಸಿಕೊಂಡಿದ್ದು ಗೊತ್ತಲ್ವಾ, ಅದಕ್ಕೆ. ಮೂವರಿಗೂ ನಾನು ತಿರುಗಿ ಕೇಳಿದ್ದು ಒಂದೇ: ಮುಖಕ್ಕೆ ಏನು ಹಚ್ಚುತ್ತಿದ್ದೀರಿ?

ನನಗೆ ಎರಡನೇ ಹೆರಿಗೆ ಆದಮೇಲೆ ಬಂಗು ಬಂತು. ಓರಗಿತ್ತಿ ಒಂದು ಟ್ಯೂಬ್ ಹೆಸರು ಹೇಳಿದಳು. ಮೆಡಿಕಲ್ ಶಾಪಿನವರು ಡಾಕ್ಟರ ಚೀಟಿ ಕೇಳಲಿಲ್ಲ, ನಾನೂ ಟ್ಯೂಬ್ ಮೇಲೆ ಬರೆದದ್ದು ಓದಲಿಲ್ಲ. ಹದಿನೈದೇ ದಿನಕ್ಕೆ ಮುಖ ಬೆಳ್ಳಗಾಯಿತು. ಮದುವೆ ಮನೆಗಳಲ್ಲಿ ಎಲ್ಲರೂ ಗುಟ್ಟು ಕೇಳುವವರೇ. ಹಚ್ಚುವುದು ಬಿಟ್ಟರೆ ಉರಿ, ಮತ್ತೆ ಹಚ್ಚಿದರೆ ಆರಾಮ. ಹೀಗೇ ಎರಡು ವರ್ಷ. ಒಂದು ದಿನ ಸ್ಕೂಟರ್ ಕನ್ನಡಿಯಲ್ಲಿ ನೋಡಿಕೊಂಡರೆ ಮುಖದ ಮೇಲೆ ಕೆಂಪು ದಾರ ಅಂಟಿಸಿದ ಹಾಗಿತ್ತು.

ಮೊದಲು ಹೋದ ಕ್ಲಿನಿಕ್ಕಿನಲ್ಲಿ (ಹೆಸರು ಬೇಡ) ಆರು ಸಿಟ್ಟಿಂಗ್ ಪ್ಯಾಕೇಜ್, ಕಂತಿನ ಲೆಕ್ಕ, ಎಲ್ಲಾ ಬರೆದುಕೊಟ್ಟರು. ಕ್ರೀಮ್ ಬಗ್ಗೆ ಒಂದು ಮಾತು ಕೇಳಲಿಲ್ಲ.

ಎರಡನೇ ಡಾಕ್ಟರಮ್ಮ ನನ್ನ ಕೈಗೆ ಕನ್ನಡಿ ಕೊಟ್ಟು, ಕೆನ್ನೆಗೆ ಪುಟ್ಟ ಗಾಜಿನ ಪಟ್ಟಿ ಒತ್ತಿದರು. ಎಳೆ ಮಾಯ! ಗಾಜು ತೆಗೆದ ಕೂಡಲೇ ರಕ್ತ ತುಂಬಿ ಮತ್ತೆ ಕೆಂಪು. "ಇದು ಕಲೆ ಅಲ್ಲಮ್ಮ, ಹಿಗ್ಗಿದ ರಕ್ತನಾಳ. ಹಚ್ಚೋ ಟ್ಯೂಬ್ ತಂದು ತೋರಿಸಿ" ಅಂದರು. ತೋರಿಸಿದೆ. ಅದರಲ್ಲಿದ್ದ ಔಷಧಿಗಳು ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೆ ಮೊಮೆಟಾಸೋನ್. ಈ ಕೊನೆಯದು ಸ್ಟಿರಾಯ್ಡ್. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಒಳಗಿನ ನಾಳಗಳು ಹಿಗ್ಗಿ ಹೊರಗೆ ಕಾಣುತ್ತವೆ. ಬಿಸಿಲಿನಿಂದ, ಮುಖ ಕೆಂಪಾಗುವ ರೊಸೇಶಿಯಾ ಎಂಬ ಚರ್ಮರೋಗದಿಂದ, ವಯಸ್ಸಿನಿಂದಲೂ ಹೀಗಾಗುತ್ತದೆ, ಇಲ್ಲ ಅನ್ನಲ್ಲ. ಆದರೆ ನಮ್ಮ ಕಡೆ ಬೆಳ್ಳಗಾಗುವ ಆಸೆಯೇ ಜಾಸ್ತಿ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿತು. ಈಗ ಹೋಗಿ ಕೇಳಿ ನೋಡಿ, ಕೊಡ್ತಾರೆ.

ಡಾಕ್ಟರಮ್ಮ ಮೊದಲು ಟ್ಯೂಬ್ ಬಿಡಿಸಿದರು. ಎರಡು ತಿಂಗಳು ಮುಖ ಮೆಣಸಿನಕಾಯಿ ಅರೆದು ಬಳಿದ ಹಾಗೆ ಉರಿಯಿತು. ಅದು ತಣ್ಣಗಾದ ಮೇಲೇ ಲೇಸರ್.

ಲೇಸರಿಗೆ ರಕ್ತನಾಳ ಅಂತ ಗೊತ್ತಾಗುವುದಿಲ್ಲ, ಬಣ್ಣ ಮಾತ್ರ ಗೊತ್ತು. ರಕ್ತದ ಕೆಂಪು ಬಣ್ಣ ಲೇಸರ್ ಬೆಳಕನ್ನು ಹೀರಿ ಬಿಸಿಯಾಗಿ ನಾಳ ಮುಚ್ಚಿಕೊಳ್ಳುತ್ತದೆ. 1983ರಲ್ಲಿ ಆಂಡರ್ಸನ್, ಪ್ಯಾರಿಶ್ ಎಂಬ ಅಮೆರಿಕದ ಇಬ್ಬರು ಡಾಕ್ಟರುಗಳು ಬರೆದ ತತ್ವ ಇದು. ಆದರೆ ನಮ್ಮ ಗೋಧಿ, ಕಪ್ಪು ಚರ್ಮಕ್ಕೆ ಆ ಬಣ್ಣ ಕೊಡುವ ಮೆಲನಿನ್ ಕೂಡ ಅದೇ ಬೆಳಕನ್ನು ಹೀರುತ್ತದೆ. ಬಿಳಿಯರಿಗೆ ಚೆನ್ನಾಗಿ ಒಗ್ಗುವ 532 ನ್ಯಾನೋಮೀಟರ್ ತರಂಗಾಂತರದ ಲೇಸರ್ ನಮ್ಮವರಿಗೆ ಹಾಕಿದರೆ ಸುಟ್ಟು ಕಪ್ಪು ಕಲೆ ಆಗುವ ಅಪಾಯ ಜಾಸ್ತಿ. 1064 ನ್ಯಾನೋಮೀಟರಿನ ಎನ್‌ಡಿ ಯಾಗ್ ಎಂಬ ಲೇಸರಿನ ಬೆಳಕನ್ನು ಮೆಲನಿನ್ ಅಷ್ಟಾಗಿ ಹೀರುವುದಿಲ್ಲ. ನನಗೆ ಹಾಕಿದ್ದು ಅದೇ. ಪ್ಯಾಕೇಜ್ ಬರೆದುಕೊಟ್ಟವರು ಯಾವ ಲೇಸರ್ ಅಂತಲೂ ಹೇಳಿರಲಿಲ್ಲ, ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ನೋವು? ಕಣ್ಣಿಗೆ ಕಪ್ಪು ಮುಚ್ಚಳ, ಮುಖಕ್ಕೆ ತಣ್ಣನೆ ಗಾಳಿ, ಆಮೇಲೆ ಬಿಸಿ ರಬ್ಬರ್ ಬ್ಯಾಂಡ್ ಚಟೀರ್ ಅಂತ ಹೊಡೆದ ಹಾಗೆ. ಮೂರು ದಿನ ಊತ. ತಿಂಗಳಿಗೊಂದರಂತೆ ಮೂರು ಸಿಟ್ಟಿಂಗ್ ಆಯಿತು. ಹೊಸ ಎಳೆ ಬರುವುದೇ ಇಲ್ಲ ಅಂತ ಯಾರೂ ಬರೆದುಕೊಡಲಿಲ್ಲ.

ಮೂಗಿನ ಎಡಗಡೆ ಒಂದು ಎಳೆ ಇನ್ನೂ ಇದೆ. ಬಂಗೂ ವಾಪಸ್ ಬಂದಿದೆ. ಓರಗಿತ್ತಿ ಮೊನ್ನೆ ನೋಡಿ, "ಅಕ್ಕಾ, ಅದೇ ಟ್ಯೂಬ್ ಇನ್ನೊಂದು ಸಲ ಹಚ್ಚಬಾರದಾ?" ಅಂದಳು.