ಹಳೆಯ ಕಡತಗಳನ್ನು ಯಾರ ಕೈಗೆ ಒಪ್ಪಿಸುತ್ತಿದ್ದೇವೆ?

ಕಳೆದ ಮಳೆಗಾಲದಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯ ಕೃಷಿಕರೊಬ್ಬರು ನಾನು ಲೆಕ್ಕ ಬರೆಯುವ ಅಡಿಕೆ ಅಂಗಡಿಗೆ ಬಂದು, ಮಡಚಿದ ಹಾಳೆಯೊಂದನ್ನು ಮೇಜಿನ ಮೇಲೆ ಬಿಡಿಸಿಟ್ಟು, “ಇದು ನಿಮ್ಮ ಅಕ್ಷರವೇ ಅಲ್ಲವಾ ಅಣ್ಣಾ?” ಎಂದು ಕೇಳಿದರು. ದಿನಸಿ ಅಂಗಡಿಯಲ್ಲಿ ಒಣಮೆಣಸು ಕಟ್ಟಿಕೊಟ್ಟಿದ್ದ ಆ ಹಾಳೆ ನಮ್ಮ ಖರೀದಿ ಪುಸ್ತಕದ್ದಾಗಿತ್ತು. ಅವರಿಗೆ ಕೊಟ್ಟ ಚಾಲಿಯ (ಒಣಗಿಸಿ ಸುಲಿದ ಅಡಿಕೆಯ) ದರಕ್ಕಿಂತ ಅದೇ ದಿನ ಅವರ ನೆರೆಯವರಿಗೆ ಕೊಟ್ಟ ದರ ಕಿಲೋಗೆ 6 ರೂಪಾಯಿ ಹೆಚ್ಚಾಗಿತ್ತು. ಅಡಿಕೆಯ ಗಾತ್ರ, ಒಣಗಿದ ಹದ ಎಂದೆಲ್ಲ ನಾನು ವಿವರಿಸಿದರೂ ಅವರ ಮುಖದಲ್ಲಿದ್ದ ನೋವು ಕಡಿಮೆಯಾಗಲಿಲ್ಲ. ಇಬ್ಬರ ಬ್ಯಾಂಕ್ ಖಾತೆಗಳ ಸಂಖ್ಯೆಯೂ ಅದೇ ಹಾಳೆಯಲ್ಲಿತ್ತು.

ಆ ಪುಸ್ತಕಗಳನ್ನು ನಾವು ಗುಜರಿಗೆ ಮಾರಿರಲಿಲ್ಲ. ನಾಶಮಾಡುವುದಕ್ಕೆಂದೇ ಹಣ ಕೊಟ್ಟು ಹೊರಗಿನ ಗುತ್ತಿಗೆದಾರರಿಗೆ ಒಪ್ಪಿಸಿದ್ದೆವು, ಅವರಿಂದ ಪ್ರಮಾಣಪತ್ರವೂ ಬಂದಿತ್ತು. ಎಷ್ಟು ಚೀಲ, ಯಾವ ದಿನ, ಎಲ್ಲಿ, ಯಾರ ಎದುರು ನಾಶವಾಯಿತು ಎಂಬ ಒಂದು ವಿವರವೂ ಅದರಲ್ಲಿರಲಿಲ್ಲ, ಅದನ್ನು ಓದದೆ ಕಡತಕ್ಕೆ ಸೇರಿಸಿದವನು ನಾನೇ. ವಿಚಾರಿಸಿದಾಗ, ಅವರು ಆ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿದ್ದರೆಂದೂ ಹಾಗೆ ವಹಿಸಲು ನಾವು ಸಹಿ ಹಾಕಿದ ಕರಾರಿನಲ್ಲೇ ಅವಕಾಶವಿತ್ತೆಂದೂ ತಿಳಿಯಿತು. ಕರಾರು ಇಂಗ್ಲಿಷಿನಲ್ಲಿತ್ತು. ನಮ್ಮ ಜಿಲ್ಲೆಯಲ್ಲಿ ಇಂಥ ಪತ್ರಗಳು ಬರುವುದು ಇಂಗ್ಲಿಷಿನಲ್ಲಿ, ಇಲ್ಲವೇ ಮಲಯಾಳದಲ್ಲಿ. ಮಲಯಾಳವನ್ನು ಸರಾಗವಾಗಿ ಮಾತನಾಡುವ ನಮ್ಮ ಧಣಿಗಳು ಅದನ್ನು ಓದಲಾರರು. ಕನ್ನಡದಲ್ಲಿ ಒಂದು ಪ್ರತಿ ಕೊಡಿ ಎಂದು ಕೇಳುವುದು ಭಾಷಾಭಿಮಾನದ ಮಾತು ಮಾತ್ರವಲ್ಲ, ವ್ಯಾಪಾರದ ರಕ್ಷಣೆಯ ಮಾತೂ ಹೌದು.

ಇದು ಸಣ್ಣ ಅಂಗಡಿಗಳಿಗೆ ಮಾತ್ರ ಒದಗುವ ಕಷ್ಟವೆಂದು ಯಾರೂ ತಿಳಿಯಬೇಕಾಗಿಲ್ಲ. ಅಮೆರಿಕದ ಮಾರ್ಗನ್ ಸ್ಟ್ಯಾನ್ಲಿ ಎಂಬ ದೊಡ್ಡ ಹಣಕಾಸು ಸಂಸ್ಥೆಯು ತನ್ನ ಹಳೆಯ ಹಾರ್ಡ್ ಡಿಸ್ಕ್‌ಗಳ ವಿಲೇವಾರಿಯನ್ನು, ದತ್ತಾಂಶ ನಾಶದ ಅನುಭವವೇ ಇಲ್ಲದ ಸಾಗಾಟ ಕಂಪನಿಯೊಂದಕ್ಕೆ ಕೊಟ್ಟಿತ್ತು. ಗ್ರಾಹಕರ ಮಾಹಿತಿ ಅಳಿಸದೆ ಉಳಿದಿದ್ದ ಕೆಲವು ಉಪಕರಣಗಳು ಕೊನೆಗೆ ಅಂತರಜಾಲದ ಹರಾಜಿನಲ್ಲಿ ಮಾರಾಟವಾದವು. 2022ರಲ್ಲಿ ಅಲ್ಲಿನ ಷೇರುಪೇಟೆ ನಿಯಂತ್ರಕರು ವಿಧಿಸಿದ 3.5 ಕೋಟಿ ಡಾಲರ್ ದಂಡವನ್ನು ತೆತ್ತದ್ದು ಮಾರ್ಗನ್ ಸ್ಟ್ಯಾನ್ಲಿಯೇ.

ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದೇ ತತ್ತ್ವವನ್ನು ಹಿಡಿದಿದೆ: ಕೆಲಸವನ್ನು ಬೇರೆಯವರಿಗೆ ವಹಿಸಿದರೂ ಹೊಣೆ ಮಾಹಿತಿ ಸಂಗ್ರಹಿಸಿದವರದ್ದೇ, ಸುರಕ್ಷತೆಯ ಲೋಪಕ್ಕೆ ದಂಡ 250 ಕೋಟಿ ರೂಪಾಯಿಗಳವರೆಗೂ ಇರಬಹುದು. ಆದರೆ ಕಾಗದದಲ್ಲೇ ಉಳಿದ ಲೆಕ್ಕ ಅದರ ವ್ಯಾಪ್ತಿಗೆ ಬರುವುದಿಲ್ಲ. ವ್ಯಾಪಾರದ ಗುಟ್ಟಿಗಂತೂ ಪ್ರತ್ಯೇಕ ಕಾಯ್ದೆಯ ಅಗತ್ಯವಿದೆಯೆಂದು ಕಾನೂನು ಆಯೋಗವು 2024ರ ಮಾರ್ಚ್‌ನಲ್ಲಿ, ತನ್ನ 289ನೆಯ ವರದಿಯಲ್ಲಿ ಶಿಫಾರಸು ಮಾಡಿದೆ. ಹಾಗಾಗಿ ಯಾರಿಗೆ ಎಷ್ಟು ದರ ಕೊಟ್ಟೆವು ಎಂಬಂಥ ಮಾಹಿತಿಯನ್ನು ಕಾಯುವುದು ಬಹುಮಟ್ಟಿಗೆ ನಾವು ಬರೆದುಕೊಂಡ ಕರಾರೊಂದೇ.

ಕತ್ತರಿಸುವುದರಲ್ಲಿಯೂ ಅಂತರವಿದೆ. 1979ರಲ್ಲಿ ತೆಹರಾನಿನ ಅಮೆರಿಕನ್ ರಾಯಭಾರ ಕಚೇರಿಯಲ್ಲಿ ಉದ್ದುದ್ದ ಪಟ್ಟಿಗಳಾಗಿ ಸೀಳಿದ್ದ ಕಾಗದಗಳನ್ನು ರತ್ನಗಂಬಳಿ ನೇಯುವವರನ್ನು ಕೂರಿಸಿ ಮತ್ತೆ ಜೋಡಿಸಲಾಗಿತ್ತು. ಅಂತರರಾಷ್ಟ್ರೀಯ ಮಾನದಂಡವು ಕಾಗದ ನಾಶಕ್ಕೆ ಪಿ-1ರಿಂದ ಪಿ-7ರವರೆಗೆ ಏಳು ಹಂತಗಳನ್ನು (ಸಂಖ್ಯೆ ಹೆಚ್ಚಿದಂತೆ ಚೂರು ಸಣ್ಣದು) ಗೊತ್ತುಪಡಿಸಿದ್ದು, ಪಿ-4ರಲ್ಲಿ ಒಂದು ಚೂರು 160 ಚದರ ಮಿಲಿಮೀಟರ್ ಮೀರುವಂತಿಲ್ಲ. ಲೆಕ್ಕದ ಪುಸ್ತಕಗಳಿಗೆ ಅದಕ್ಕಿಂತ ಕೆಳಗಿನ ಹಂತವನ್ನು ಒಪ್ಪಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಅವಧಿಗೆ ಮುಂಚೆ ನಾಶಮಾಡುವುದೂ ತಪ್ಪು; ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟುಕೊಳ್ಳಲೇಬೇಕು.

ಈ ಬಾರಿ ಬಂದ ಹೊಸ ಕರಾರನ್ನು ನಾನು ಸಾಲು ಸಾಲಾಗಿ ಓದಿ ಧಣಿಗಳಿಗೆ ಕನ್ನಡದಲ್ಲಿ ಹೇಳಿದೆ. ಯಂತ್ರವನ್ನು ನಮ್ಮ ಅಂಗಳಕ್ಕೇ ತರಬೇಕು, ಚೀಲಗಳನ್ನು ತೂಗಿ ಬರೆದುಕೊಳ್ಳಬೇಕು, ನಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಮೂರನೆಯವರಿಗೆ ವಹಿಸಬಾರದು, ಸೋರಿಕೆಯಾದರೆ ನಷ್ಟವನ್ನು ಗುತ್ತಿಗೆದಾರರೇ ಭರಿಸಬೇಕು ಎಂದು ಸೇರಿಸಿ ಹಿಂದಕ್ಕೆ ಕಳುಹಿಸಿದ್ದೇವೆ. ಖರ್ಚು ಹೆಚ್ಚಾಗುತ್ತದೆಂದು ಅವರು ಫೋನಿನಲ್ಲಿ ಹೇಳಿದರು. ಆಗಲಿ ಎಂದೆವು. ಅವರ ಸಹಿ ಬರುವವರೆಗೆ ಹದಿನಾಲ್ಕು ಚೀಲ ಪುಸ್ತಕಗಳು ಅಟ್ಟದ ಮೇಲೆಯೇ ಇರುತ್ತವೆ, ಕೀಲಿಕೈ ನನ್ನ ಬಳಿ ಇದೆ.